ಲೆಕ್ಕ, ಗಣಿತ ಮತ್ತು ನಡುವೆ ಒಂದು ಕಾಲುಸಂಕ

“ಅಲ್ಲ ಮಾರಾಯ್ರೆ, ಜನವರಿ ಏಳಕ್ಕೆ ಐದು ಇಂಚು ಮಳೆ ಎಲ್ಲಿ ಬಿತ್ತು?”

ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟದ ಮನೆಯ ಜಗಲಿ. ನಾನು ಬೆಂಗಳೂರಿನಿಂದ ಹೊತ್ತು ತಂದಿದ್ದ ಗ್ರಾಫುಗಳನ್ನು ಗೌಡರು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. 2003ರ ಮಾತು. ನಾನಾಗ ಸಂಶೋಧನಾ ವಿದ್ಯಾರ್ಥಿ. ಗೌಡರು ತಮ್ಮ ತೋಟದಲ್ಲಿ ಬಿದ್ದ ಮಳೆಯನ್ನು ಮೂವತ್ತು ವರ್ಷ ದಿನವೂ ಬೆಳಿಗ್ಗೆ ಅಳೆದು ನೋಟುಪುಸ್ತಕದಲ್ಲಿ ಬರೆದಿಟ್ಟವರು. ಮಲೆನಾಡು, ಕೊಡಗಿನ ಕಾಫಿ ಬೆಳೆಗಾರರಲ್ಲಿ ಈ ಅಭ್ಯಾಸ ಹಳೆಯದು. ಇಂಚು, ಸೆಂಟುಗಳಲ್ಲಿ ಬರೆಯುತ್ತಾರೆ. ಇಂಚಿಗೆ ನೂರು ಸೆಂಟು. ಆ ಪುಸ್ತಕಗಳನ್ನು ಅವರು ನನ್ನನ್ನು ನಂಬಿ ಕೊಟ್ಟಿದ್ದರು. ನಾನು ಅಷ್ಟನ್ನೂ ಟೈಪು ಮಾಡಿ, ಸುಮಾರು ಹನ್ನೊಂದು ಸಾವಿರ ದಿನಗಳ ಮಳೆಯನ್ನು ಕಂಪ್ಯೂಟರಿಗೆ ಏರಿಸಿ, ವಿಶ್ಲೇಷಣೆ ಮುಗಿಸಿ, ಫಲಿತಾಂಶ ತೋರಿಸಲು ಹೆಮ್ಮೆಯಿಂದ ಹೋಗಿದ್ದೆ.

“ಜನವರೀಲಿ ಕಣದ ತುಂಬ ಕಾಫಿ ಒಣಗ್ತಿರುತ್ತೆ. ಆಗ ಐದು ಇಂಚು ಹೊಡೆದಿದ್ರೆ ನಾನು ಆ ವರ್ಷವೇ ತೋಟ ಮಾರಿ ಹೋಗ್ತಿದ್ದೆ,” ಎಂದರು ಗೌಡರು. ನಗುತ್ತಲೇ ಹೇಳಿದರು. ನನ್ನ ಹೊಟ್ಟೆಯಲ್ಲಿ ಮಾತ್ರ ಏನೋ ಕಳಚಿ ಬಿದ್ದಂತಾಯಿತು.

ಆ ಮಳೆ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು. ನಾನು ಎರಡು ತಂತ್ರಾಂಶಗಳ ನಡುವೆ ಸಂಖ್ಯೆಗಳನ್ನು ಸಾಗಿಸುತ್ತಿದ್ದೆ. ಒಂದು ಎಕ್ಸೆಲ್, ಇನ್ನೊಂದು ಮ್ಯಾಟ್‌ಲ್ಯಾಬ್. ಸಾಗಿಸುವ ಕೆಲಸ ಮಾಡುತ್ತಿದ್ದುದು ನಾನೇ ಬರೆದ ಒಂದು ಮ್ಯಾಕ್ರೊ. ಮಳೆಗಾಲದ ಹಳ್ಳದ ಮೇಲೆ ಅಡಿಕೆ ಮರ ಅಡ್ಡ ಹಾಕಿ ಕಟ್ಟಿದ ಕಾಲುಸಂಕದ ಹಾಗೆ ಅದು. ಈ ಸಂಕಕ್ಕೊಂದು ಇತಿಹಾಸವಿದೆ. ಅದನ್ನು ದಾಟುವವರು ಯಾರೂ ಆ ಇತಿಹಾಸ ಓದಿರುವುದಿಲ್ಲ. ನಾನೂ ಓದಿರಲಿಲ್ಲ.

*

ಕನ್ನಡದಲ್ಲಿ ಲೆಕ್ಕ ಎಂಬ ಮಾತಿದೆ, ಗಣಿತ ಎಂಬ ಮಾತೂ ಇದೆ. ಶಾಲೆಯಲ್ಲಿ ಎರಡನ್ನೂ ಒಂದೇ ಮೇಷ್ಟ್ರು ಕಲಿಸಿದರೂ ನಮ್ಮ ಮನಸ್ಸಿನಲ್ಲಿ ಅವು ಬೇರೆ ಬೇರೆ. ಲೆಕ್ಕಕ್ಕೆ ಒಬ್ಬ ಮನುಷ್ಯ ಬೇಕು, ಒಂದು ದಿನಾಂಕ ಬೇಕು, ಯಾರಿಗೆ ಎಷ್ಟು ಕೊಟ್ಟೆ ಎಂಬ ವಿವರ ಬೇಕು. ಶಾನುಭೋಗರ ಕಡತದಲ್ಲಿದ್ದುದು ಲೆಕ್ಕ. ಗಣಿತಕ್ಕೆ ಇದಾವುದೂ ಬೇಡ. ಐದು ಎಂದರೆ ಐದು. ಅದು ಇಂಚೋ ಮಣವೋ ಎಂದು ಗಣಿತ ಕೇಳುವುದಿಲ್ಲ.

ಸ್ಪ್ರೆಡ್‌ಶೀಟ್ ಲೆಕ್ಕದ ವಂಶದ್ದು. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್ ತರಗತಿಯಲ್ಲಿ ಕೂತು ಕಪ್ಪುಹಲಗೆಯ ಮೇಲೆ ಬರೆದ ಕೋಷ್ಟಕವೊಂದನ್ನು ನೋಡುತ್ತಿದ್ದ. ಒಂದು ಮನೆಯಲ್ಲಿ ಸಂಖ್ಯೆ ಬದಲಾದರೆ ಅದನ್ನು ಅವಲಂಬಿಸಿದ ಉಳಿದ ಮನೆಗಳನ್ನೆಲ್ಲ ಒರೆಸಿ ಮತ್ತೆ ಬರೆಯಬೇಕಿತ್ತು. ಹಲಗೆಯೇ ತಾನಾಗಿ ತಿದ್ದಿಕೊಳ್ಳುವಂತಿದ್ದರೆ ಎಂಬ ಯೋಚನೆ ಹುಟ್ಟಿತು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಪ್ರೋಗ್ರಾಮ್ ಬರೆದ. 1979ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ವಿಸಿಕ್ಯಾಲ್ಕ್ ಹೊರಬಂತು. ಅದರಲ್ಲಿದ್ದುದು 63 ಕಂಬಸಾಲು, 254 ಅಡ್ಡಸಾಲು. ಅಂಗಡಿ, ಆಫೀಸುಗಳವರು ಆ ತಂತ್ರಾಂಶಕ್ಕಾಗಿಯೇ ಕಂಪ್ಯೂಟರು ಕೊಳ್ಳತೊಡಗಿದರು.

ಅದೇ ವರ್ಷಗಳಲ್ಲಿ ಅಮೆರಿಕದ ಇನ್ನೊಂದು ಮೂಲೆಯಲ್ಲಿ, ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ, ಕ್ಲೀವ್ ಮೋಲರ್ ಎಂಬ ಗಣಿತದ ಪ್ರಾಧ್ಯಾಪಕರಿಗೆ ಬೇರೆಯೇ ತಾಪತ್ರಯವಿತ್ತು. ಮ್ಯಾಟ್ರಿಕ್ಸ್‌ಗಳ ಲೆಕ್ಕಾಚಾರಕ್ಕೆ ಲಿನ್‌ಪ್ಯಾಕ್, ಐಸ್‌ಪ್ಯಾಕ್ ಎಂಬ ಒಳ್ಳೆಯ ಫೋರ್ಟ್ರಾನ್ ಗ್ರಂಥಾಲಯಗಳು ಸಿದ್ಧವಾಗಿದ್ದವು. ಅವುಗಳ ರಚನೆಯಲ್ಲಿ ಮೋಲರ್ ಅವರೂ ಇದ್ದರು. ಆದರೆ ಅವನ್ನು ಬಳಸಲು ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯಬೇಕಿತ್ತು. ಆ ತೊಡಕು ತಪ್ಪಿಸಲು ಅವರು ಒಂದು ಸರಳ ಸಾಧನ ಮಾಡಿ ಮ್ಯಾಟ್‌ಲ್ಯಾಬ್ ಎಂದು ಕರೆದರು: ಮ್ಯಾಟ್ರಿಕ್ಸ್‌ಗಳ ಪ್ರಯೋಗಶಾಲೆ. ಮೊದಲ ಮ್ಯಾಟ್‌ಲ್ಯಾಬಿನಲ್ಲಿದ್ದ ವಸ್ತು ಒಂದೇ, ಮ್ಯಾಟ್ರಿಕ್ಸ್. ದಿನಾಂಕವಿಲ್ಲ, ಹೆಸರಿನ ಕಾಲಂ ಇಲ್ಲ, ಖಾಲಿ ಮನೆ ಎಂಬುದಿಲ್ಲ. ಶುದ್ಧ ಗಣಿತ. ಆಮೇಲೆ ಜಾಕ್ ಲಿಟ್ಲ್ ಎಂಬ ಎಂಜಿನಿಯರು ಅದನ್ನು ನೋಡಿ, ಸ್ಟೀವ್ ಬ್ಯಾಂಗರ್ಟ್ ಜೊತೆ ಸೇರಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1984ರಲ್ಲಿ ಮೋಲರ್ ಅವರನ್ನೂ ಸೇರಿಸಿಕೊಂಡು ಮ್ಯಾತ್‌ವರ್ಕ್ಸ್ ಕಂಪನಿ ಶುರುವಾಯಿತು.

ಹೀಗೆ ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ತೆರೆಯ ಮೇಲೆ ಎರಡೂ ಸಾಲು ಸಾಲು ಸಂಖ್ಯೆಗಳನ್ನೇ ತೋರಿಸುತ್ತವೆ. ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಅವು ಒಂದೇ ಮನೆಯವಲ್ಲ.

*

ಇನ್ನು ಮ್ಯಾಕ್ರೊ. 1983ರ ಜನವರಿಯಲ್ಲಿ ಮಿಚ್ ಕೇಪರ್ ಅವರ ಕಂಪನಿ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಹೊರತಂದಿತು. ಅದರಲ್ಲಿ ಒಂದು ಸಣ್ಣ ಸೌಲಭ್ಯವಿತ್ತು. ನೀವು ದಿನವೂ ಒತ್ತುವ ಕೀಲಿಗಳ ಸರಣಿಯನ್ನು ಹಾಳೆಯ ಒಂದು ಮನೆಯಲ್ಲಿ ಅಕ್ಷರಗಳಾಗಿ ಬರೆದಿಡಬಹುದು. ಆ ಮನೆಗೊಂದು ಹೆಸರು ಕೊಟ್ಟರೆ, ಆಮೇಲೆ ಎರಡು ಕೀಲಿ ಒತ್ತಿದರೆ ಸಾಕು, ನಿಮ್ಮ ಕೈ ಮಾಡುತ್ತಿದ್ದುದನ್ನೆಲ್ಲ ಯಂತ್ರ ಮಾಡಿ ಮುಗಿಸುತ್ತಿತ್ತು. ಮ್ಯಾಕ್ರೊ ಹುಟ್ಟಿದ್ದು ಹೀಗೆ, ಕೈಯ ನೆನಪಾಗಿ. ಕೈ ಏನು ಮಾಡಿತೆಂಬುದು ಅದಕ್ಕೆ ಗೊತ್ತು. ಕೈ ಕೆಲಸ ಮಾಡುವಾಗ ಕಣ್ಣು ಏನನ್ನು ಗಮನಿಸುತ್ತಿತ್ತು ಎಂಬುದು ಗೊತ್ತಿಲ್ಲ.

ಆ ಹೊತ್ತಿಗೆ ಒಂದು ತಂತ್ರಾಂಶದೊಳಗಿನ ಕೆಲಸ ಆ ತಂತ್ರಾಂಶದೊಳಗೇ ಮುಗಿಯುತ್ತಿತ್ತು. ಇನ್ನೊಂದಕ್ಕೆ ಸಂಖ್ಯೆ ಬೇಕಾದರೆ ಕಡತವಾಗಿ ಉಳಿಸಿ, ಅಲ್ಲಿ ತೆರೆಯಬೇಕಿತ್ತು. 1987ರಲ್ಲಿ ವಿಂಡೋಸ್ 2.0 ಜೊತೆ ಬಂದ ಡಿಡಿಇ ಎಂಬ ವ್ಯವಸ್ಥೆ ಇದನ್ನು ಬದಲಿಸಿತು. ಓಡುತ್ತಿರುವ ಎರಡು ತಂತ್ರಾಂಶಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಕ್ರಮ ಅದು. ಅದನ್ನು ರೂಪಿಸಿದವರು ಇಟ್ಟ ಹೆಸರು ನನಗೆ ಇಂದಿಗೂ ಇಷ್ಟ. ಹಾಗೆ ಬೆಸೆದ ಕೊಂಡಿಯನ್ನು ಅವರು ‘ಸಂಭಾಷಣೆ’ ಎಂದು ಕರೆದರು. ಒಬ್ಬರು ಮಾತು ಆರಂಭಿಸಬೇಕು, ವಿಷಯ ಯಾವುದೆಂದು ಹೇಳಬೇಕು, ಕೇಳಬೇಕು, ಕೊಡಬೇಕು, ಕೊನೆಗೆ ಮಾತು ಮುಗಿಸಬೇಕು. ಎಕ್ಸೆಲಿನ ಮ್ಯಾಕ್ರೊ ಭಾಷೆಯಲ್ಲಿ ಈ ಪ್ರತಿಯೊಂದಕ್ಕೂ ಒಂದೊಂದು ಆಜ್ಞೆಯಿತ್ತು. ಮ್ಯಾಟ್‌ಲ್ಯಾಬೂ ಈ ಸಂಭಾಷಣೆಗೆ ಕಿವಿಗೊಡಲು ಕಲಿಯಿತು.

1993ರಲ್ಲಿ ಎಕ್ಸೆಲ್ 5.0 ಜೊತೆ ವಿಬಿಎ ಬಂದ ಮೇಲೆ ಮ್ಯಾಕ್ರೊ ಪೂರ್ಣ ಪ್ರಮಾಣದ ಪ್ರೋಗ್ರಾಮಿಂಗ್ ಭಾಷೆಯಾಯಿತು. ಜೊತೆಗೆ ಆಟೋಮೇಶನ್ ಎಂಬ ಹೊಸ ದಾರಿ ತೆರೆಯಿತು. ಈಗ ಮ್ಯಾಕ್ರೊದೊಳಗಿಂದಲೇ ಮ್ಯಾಟ್‌ಲ್ಯಾಬನ್ನು ಎಬ್ಬಿಸಿ, ಒಂದು ಮ್ಯಾಟ್ರಿಕ್ಸನ್ನು ಅದರ ಕೈಗಿಟ್ಟು, ಇಂಥದ್ದು ಮಾಡು ಎಂದು ಹೇಳಿ, ಉತ್ತರ ವಾಪಸು ಪಡೆಯಬಹುದಿತ್ತು. ಮ್ಯಾತ್‌ವರ್ಕ್ಸ್ ಇದನ್ನು ಇನ್ನಷ್ಟು ಸುಲಭ ಮಾಡಲು ಎಕ್ಸೆಲ್ ಲಿಂಕ್ ಎಂಬ ಸೇರ್ಪಡೆಯನ್ನು ಮಾರಿತು. ಅದರಲ್ಲಿ ಮುಖ್ಯವಾದವು ಮೂರೇ ಆಜ್ಞೆ. ಪುಟ್‌ಮ್ಯಾಟ್ರಿಕ್ಸ್ ಎಂದರೆ ಈ ಮನೆಗಳನ್ನು ಅಲ್ಲಿಗೆ ಕಳಿಸು. ಇವ್ಯಾಲ್‌ಸ್ಟ್ರಿಂಗ್ ಎಂದರೆ ಅಲ್ಲಿ ಈ ಆಜ್ಞೆ ನಡೆಸು. ಗೆಟ್‌ಮ್ಯಾಟ್ರಿಕ್ಸ್ ಎಂದರೆ ಉತ್ತರ ಇಲ್ಲಿಗೆ ತಾ.

ನನ್ನ ಮ್ಯಾಕ್ರೊ ಮಾಡುತ್ತಿದ್ದುದು ಇಷ್ಟೇ. ವರ್ಷಕ್ಕೊಂದರಂತೆ ಉಳಿಸಿಟ್ಟಿದ್ದ ಮೂವತ್ತು ಸಿಎಸ್‌ವಿ ಕಡತಗಳನ್ನು ಒಂದೊಂದಾಗಿ ತೆರೆಯುವುದು, ದಿನಾಂಕದ ಪ್ರಕಾರ ಜೋಡಿಸುವುದು, ಮ್ಯಾಟ್‌ಲ್ಯಾಬಿಗೆ ಕಳಿಸುವುದು, ಅಲ್ಲಿ ಫೂರಿಯೇ ವಿಶ್ಲೇಷಣೆ ನಡೆಸುವುದು, ಉತ್ತರವನ್ನು ಹಾಳೆಗೆ ತರುವುದು. ಕೈಯಲ್ಲಿ ಮಾಡಿದರೆ ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮೊದಲ ಸಲ ಅದು ತಾನಾಗಿ ಓಡಿದಾಗ ನಾನು ಕೈಕಟ್ಟಿ ಕೂತು ನೋಡಿದ್ದೆ.

*

ಸಂಕದ ಮೇಲೆ ಸಂಖ್ಯೆಗಳು ಹಾದುಹೋಗುವುದು ಹೇಗೆ? ಈ ವಿಷಯದಲ್ಲಿ ತಂತ್ರಜ್ಞಾನ ಹೆಮ್ಮೆಪಡಬೇಕಾದ ಕೆಲಸ ಮಾಡಿದೆ. 1985ರಲ್ಲಿ ಐಇಇಇ 754 ಎಂಬ ಮಾನದಂಡ ಬಂತು. ಅದರ ಹಿಂದಿನ ದೊಡ್ಡ ಶಕ್ತಿ ಬರ್ಕ್ಲಿಯ ವಿಲಿಯಂ ಕಾಹನ್. ದಶಮಾಂಶ ಸಂಖ್ಯೆಯೊಂದನ್ನು 64 ಬಿಟ್‌ಗಳಲ್ಲಿ ಹೇಗೆ ಬರೆದಿಡಬೇಕು ಎಂಬುದನ್ನು ಅದು ನಿಗದಿ ಮಾಡಿತು. ಎಕ್ಸೆಲ್, ವಿಬಿಎ, ಮ್ಯಾಟ್‌ಲ್ಯಾಬ್ ಮೂರೂ ಇದನ್ನೇ ಬಳಸುತ್ತವೆ. ಹಾಗಾಗಿ 2.37 ಇಂಚು ಮಳೆ ಈ ದಡದಿಂದ ಆ ದಡಕ್ಕೆ ಒಂದು ಬಿಟ್ ಕೂಡ ಅಲುಗದೆ ದಾಟುತ್ತದೆ.

ತೊಂದರೆ ಇರುವುದು ಸಂಖ್ಯೆಯಲ್ಲದ, ಆದರೆ ಸಂಖ್ಯೆಯ ವೇಷ ಹಾಕಿದ ಸಂಗತಿಗಳಲ್ಲಿ. ದಿನಾಂಕವನ್ನೇ ನೋಡಿ. ಎಕ್ಸೆಲ್ ದಿನಾಂಕವನ್ನು ಒಂದು ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ: 1900ರ ಜನವರಿ 1 ಅಂದರೆ 1, ಮರುದಿನ 2. ಮ್ಯಾಟ್‌ಲ್ಯಾಬಿನ ಹಳೆಯ ಪದ್ಧತಿಯಲ್ಲಿ ಎಣಿಕೆ ಸೊನ್ನೆಯ ವರ್ಷದಿಂದಲೇ ಶುರು. ಒಂದರಿಂದ ಇನ್ನೊಂದಕ್ಕೆ ಹೋಗಲು 693960 ಕೂಡಿಸಬೇಕು. ಈ ಸಂಖ್ಯೆ ನನಗೆ ಫೋನ್ ನಂಬರಿನಂತೆ ಬಾಯಿಪಾಠವಾಗಿತ್ತು.

ಆದರೆ 1900ರ ಮೊದಲ ಎರಡು ತಿಂಗಳಿಗೆ ಈ ಸೂತ್ರ ಒಂದು ದಿನ ತಪ್ಪುತ್ತದೆ. ಕಾರಣ, 1900 ಅಧಿಕ ವರ್ಷವಲ್ಲ. ಎಕ್ಸೆಲಿನಲ್ಲಿ ಮಾತ್ರ ಅದು ಅಧಿಕ ವರ್ಷ. 60ನೇ ದಿನ ಎಂದರೆ 1900ರ ಫೆಬ್ರವರಿ 29 ಎಂದು ಅದು ತೋರಿಸುತ್ತದೆ. ಅಂಥ ದಿನ ಜಗತ್ತಿನಲ್ಲಿ ಆಗಿಹೋಗಲೇ ಇಲ್ಲ. ಈ ತಪ್ಪು ಮೂಲತಃ ಲೋಟಸ್ 1-2-3ರದ್ದು. ಎಕ್ಸೆಲ್ ಬಂದಾಗ ಲೋಟಸಿನ ಹಾಳೆಗಳನ್ನು ಸರಿಯಾಗಿ ಓದಬೇಕೆಂದು ತಪ್ಪನ್ನೂ ತನ್ನದಾಗಿಸಿಕೊಂಡಿತು. ಸಾಲದ್ದಕ್ಕೆ ಮೆಕಿಂಟೋಶಿನ ಎಕ್ಸೆಲ್ ಬಹುಕಾಲ 1904ರಿಂದ ಎಣಿಸುತ್ತಿತ್ತು. ಎರಡರ ನಡುವೆ 1462 ದಿನಗಳ ಅಂತರ. ಸಂಕ ದಾಟಿದ 36526 ಎಂಬ ಸಂಖ್ಯೆ ತಾನು ಯಾವ ಊರಿನ ಪಂಚಾಂಗದ್ದೆಂದು ಹೇಳುವುದಿಲ್ಲ.

ಗಣಿತದ ದಡದಿಂದ ಲೆಕ್ಕದ ದಡಕ್ಕೆ ವಾಪಸು ಬರುವಾಗಲೂ ಹೀಗೇ. ಮ್ಯಾಟ್‌ಲ್ಯಾಬಿನಲ್ಲಿ ಅನಂತ ಎಂಬುದಕ್ಕೊಂದು ಬೆಲೆಯಿದೆ, ‘ಇದು ಸಂಖ್ಯೆಯಲ್ಲ’ ಎಂಬುದಕ್ಕೂ ಒಂದು ಬೆಲೆಯಿದೆ. ಅದನ್ನು ನ್ಯಾನ್ ಎನ್ನುತ್ತಾರೆ. ಎಕ್ಸೆಲಿನ ಮನೆಯಲ್ಲಿ ಇವೆರಡಕ್ಕೂ ಜಾಗವಿಲ್ಲ. ಮ್ಯಾಟ್‌ಲ್ಯಾಬಿನಿಂದ ಎಕ್ಸೆಲ್ ಕಡತ ಬರೆಯುವ ಆಜ್ಞೆಯ ಕೈಪಿಡಿಯಲ್ಲಿ ಒಂದು ಸಾಲು ತಣ್ಣಗೆ ಕೂತಿತ್ತು: ಅನಂತವು 65535 ಆಗುತ್ತದೆ, ನ್ಯಾನ್ ಖಾಲಿ ಮನೆಯಾಗುತ್ತದೆ. ಸೊನ್ನೆಯಿಂದ ಭಾಗಿಸಿ ಬಂದ ಅನಂತ ಲೆಕ್ಕದ ಹಾಳೆಯಲ್ಲಿ ಅರವತ್ತೈದು ಸಾವಿರ ಚಿಲ್ಲರೆಯಾಗಿ, ಬೇರೆ ಸಂಖ್ಯೆಗಳ ನಡುವೆ ಸಭ್ಯನಂತೆ ಕೂತುಬಿಡುತ್ತಿತ್ತು.

*

ಇವೆಲ್ಲ ಸಂಶೋಧನಾ ವಿದ್ಯಾರ್ಥಿಯೊಬ್ಬನ ಗೋಳು ಎಂದು ನೀವು ಅಂದುಕೊಳ್ಳಬಹುದು. ನಾನೂ ಕೆಲಕಾಲ ಹಾಗೇ ಅಂದುಕೊಂಡಿದ್ದೆ. ಆಮೇಲಿನ ವರ್ಷಗಳ ಸುದ್ದಿಗಳು ಬೇರೆಯೇ ಹೇಳಿದವು.

2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ವಿಭಾಗ ಸುಮಾರು 620 ಕೋಟಿ ಡಾಲರ್ ಕಳೆದುಕೊಂಡಿತು. ದೊಡ್ಡ ಕಾರಣಗಳು ಬೇರೆ ಇದ್ದವು. ಆದರೆ ನಷ್ಟದ ಅಪಾಯ ಎಷ್ಟೆಂದು ಅಳೆಯುವ ಅವರ ಗಣಿತದ ಮಾದರಿ ಎಕ್ಸೆಲ್ ಹಾಳೆಗಳ ಸರಣಿಯ ಮೇಲೆ ನಿಂತಿತ್ತು. ಒಂದು ಹಾಳೆಯಿಂದ ಇನ್ನೊಂದಕ್ಕೆ ಸಂಖ್ಯೆಗಳನ್ನು ಕೈಯಿಂದ ನಕಲು ಮಾಡಿ ಅಂಟಿಸಲಾಗುತ್ತಿತ್ತು ಎಂದು ಬ್ಯಾಂಕಿನದೇ ವರದಿ 2013ರಲ್ಲಿ ಹೇಳಿತು. ಒಂದು ಕಡೆ ಎರಡು ದರಗಳ ಸರಾಸರಿಯಿಂದ ಭಾಗಿಸುವ ಬದಲು ಅವುಗಳ ಮೊತ್ತದಿಂದ ಭಾಗಿಸಿದ್ದರು. ಅದರಿಂದ ಅಪಾಯ ಇರುವುದಕ್ಕಿಂತ ಕಡಿಮೆ ಕಂಡಿತು. ಇಲ್ಲಿ ಮ್ಯಾಕ್ರೊ ತಪ್ಪು ಮಾಡಿದ್ದಲ್ಲ, ಮ್ಯಾಕ್ರೊ ಇರಬೇಕಾದ ಜಾಗದಲ್ಲಿ ದಣಿದ ಕೈಯಿತ್ತು. ಮ್ಯಾಕ್ರೊ ಬೇಡ, ಕೈಯೇ ಮೇಲು ಎನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಕಾಣೆಯಾಗಿದ್ದವು ಎಂಬ ಸುದ್ದಿ ಬಂತು. ಪ್ರಯೋಗಾಲಯಗಳು ಸಿಎಸ್‌ವಿ ಕಡತ ಕಳಿಸುತ್ತಿದ್ದವು. ಅವನ್ನು ತಾನಾಗಿ ಎಳೆದುಕೊಳ್ಳುವ ವ್ಯವಸ್ಥೆ ಎಕ್ಸೆಲಿನ ಹಳೆಯ ಮಾದರಿಯ ಕಡತಕ್ಕೆ ತುಂಬುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮಿಕ್ಕವು ಸದ್ದಿಲ್ಲದೆ ಬಿದ್ದುಹೋದವು. ಒಂದೊಂದು ಸಾಲಿನ ಹಿಂದೆಯೂ ಒಬ್ಬ ರೋಗಿ. ಆ ರೋಗಿಯ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ಜೀವವಿಜ್ಞಾನಿಗಳ ಕತೆ ಇನ್ನೂ ವಿಚಿತ್ರ. ಮನುಷ್ಯನ ಕೆಲವು ವಂಶವಾಹಿಗಳಿಗೆ ಮಾರ್ಚ್1, ಸೆಪ್ಟ್2 ಎಂಬಂಥ ಹೆಸರುಗಳಿದ್ದವು. ವಿಶ್ಲೇಷಣೆಯ ತಂತ್ರಾಂಶದಿಂದ ಹೊರಬಂದ ಪಟ್ಟಿಯನ್ನು ಎಕ್ಸೆಲಿನಲ್ಲಿ ತೆರೆದ ಕೂಡಲೇ ಅವು ಮಾರ್ಚ್ 1, ಸೆಪ್ಟೆಂಬರ್ 2 ಎಂಬ ದಿನಾಂಕಗಳಾಗಿಬಿಡುತ್ತಿದ್ದವು. ಇದನ್ನು 2004ರಲ್ಲೇ ವಿಜ್ಞಾನಿಗಳು ಬರೆದು ಎಚ್ಚರಿಸಿದ್ದರು. 2016ರಲ್ಲಿ ಇನ್ನೊಂದು ತಂಡ ಪ್ರಮುಖ ನಿಯತಕಾಲಿಕಗಳ ಲೇಖನಗಳನ್ನು ಜಾಲಾಡಿದಾಗ, ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ತಪ್ಪು ಸಿಕ್ಕಿತು. ಕೊನೆಗೆ ಸೋತದ್ದು ವಿಜ್ಞಾನವೇ. ಹೆಸರಿಡುವ ಸಮಿತಿ 2020ರಲ್ಲಿ ಆ ವಂಶವಾಹಿಗಳ ಹೆಸರನ್ನೇ ಬದಲಿಸಿತು. ಇಂಥ ಪರಿವರ್ತನೆಯನ್ನು ನಿಲ್ಲಿಸುವ ಗುಂಡಿಯನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ.

ಈ ಮೂರು ಕತೆಗಳಲ್ಲೂ ಒಂದು ಸಂಗತಿ ಸಮಾನ. ಎಲ್ಲಿಯೂ ಯಂತ್ರ ಕೆಟ್ಟು ನಿಲ್ಲಲಿಲ್ಲ. ಕೆಂಪು ಅಕ್ಷರದ ಎಚ್ಚರಿಕೆ ಬರಲಿಲ್ಲ. ಸಂಖ್ಯೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಲೀಸಾಗಿ ಹೋದವು. ಆ ಸಂಖ್ಯೆ ಏನನ್ನು ಹೇಳುತ್ತಿದೆ ಎಂಬುದು ಮಾತ್ರ ಹಿಂದಿನ ದಡದಲ್ಲೇ ಉಳಿಯಿತು.

*

ಈಗ ಗೌಡರ ಜಗಲಿಗೆ ಮರಳುತ್ತೇನೆ.

ಬೆಂಗಳೂರಿಗೆ ಬಂದವನು ಆ ರಾತ್ರಿಯೇ ನೋಟುಪುಸ್ತಕ ತೆಗೆದು ನೋಡಿದೆ. ಜನವರಿ 7ರ ಮುಂದೆ ಒಂದು ಗೀಟು, ಅಂದರೆ ಮಳೆಯಿಲ್ಲ. ಐದು ಇಂಚು ಇದ್ದುದು ಆ ವರ್ಷದ ಜುಲೈ 1ರ ಮುಂದೆ. ಕಣ್ಣೆದುರೇ ಇತ್ತು. ನಾವು ಜುಲೈ ಒಂದನ್ನು 01/07 ಎಂದು ಬರೆಯುತ್ತೇವೆ. ಅಮೆರಿಕದವರಿಗೆ ಅದು ಜನವರಿ ಏಳು.

ಆದರೆ ನನ್ನ ಕಂಪ್ಯೂಟರು ಭಾರತೀಯ ಕ್ರಮಕ್ಕೇ ಹೊಂದಿಸಿದ್ದದ್ದು. ಅದೇ ಸಿಎಸ್‌ವಿ ಕಡತವನ್ನು ಇಲಿಯಿಂದ ಎರಡು ಸಲ ಒತ್ತಿ ತೆರೆದರೆ ಎಲ್ಲ ದಿನಾಂಕಗಳೂ ಸರಿಯಾಗಿದ್ದವು. ಮ್ಯಾಕ್ರೊ ಮೂಲಕ ತೆರೆದರೆ ತಿರುಗುತ್ತಿದ್ದವು. ಕಾರಣ ಆಮೇಲೆ ತಿಳಿಯಿತು. ಮ್ಯಾಕ್ರೊ ತೆರೆಯುವ ಕಡತಕ್ಕೆ, ನೀವು ಬೇರೆ ಹೇಳದ ಹೊರತು, ವಿಬಿಎ ಅಮೆರಿಕದ ದಿನಾಂಕ ಕ್ರಮವನ್ನೇ ಹಚ್ಚುತ್ತದೆ. ಸ್ಥಳೀಯ ಕ್ರಮ ಬಳಸು ಎಂದು ಒಂದು ಪದ ಸೇರಿಸಿದ್ದರೆ ಸಾಕಿತ್ತು. ಕೈ ಸರಿಯಾಗಿ ಮಾಡುವುದನ್ನು ಕೈಯ ನೆನಪು ತಪ್ಪಾಗಿ ಮಾಡುತ್ತಿತ್ತು.

ಇನ್ನೂ ನಾಚಿಕೆಯ ವಿಷಯವೊಂದಿದೆ. 13ನೇ ತಿಂಗಳು ಎಂಬುದಿಲ್ಲವಲ್ಲ, ಹಾಗಾಗಿ 13ರಿಂದ ಮುಂದಿನ ತಾರೀಕುಗಳು ಅಮೆರಿಕದ ಕ್ರಮಕ್ಕೆ ಒಗ್ಗದೆ ಬರೀ ಅಕ್ಷರಗಳಾಗಿ ಉಳಿದಿದ್ದವು. ಅದನ್ನು ನಾನು ನೋಡಿದ್ದೆ. ಯಾಕೆ ಹೀಗಾಯಿತು ಎಂದು ಕೇಳಿಕೊಳ್ಳುವ ಬದಲು, ಅಕ್ಷರಗಳಾಗಿ ಉಳಿದವನ್ನು ದಿನಾಂಕ ಮಾಡುವ ಇನ್ನೊಂದು ಸಾಲನ್ನು ಮ್ಯಾಕ್ರೊಗೆ ಸೇರಿಸಿ ಮುಂದೆ ಹೋಗಿದ್ದೆ. ಆ ಸಾಲು ಅವನ್ನು ಸರಿಯಾಗಿ ಓದಿತು. ಸಂಕದ ಒಂದು ಮರ ಕೊಳೆತದ್ದು ಕಂಡಿತ್ತು. ಮೇಲೊಂದು ಸೋಗೆ ಹಾಸಿ ದಾಟಿದ್ದೆ.

ಪ್ರತಿ ತಿಂಗಳ ಮೊದಲ 12 ದಿನ ಅದಲುಬದಲು. ದಿನವೂ ತಿಂಗಳೂ ಒಂದೇ ಸಂಖ್ಯೆಯಾದ 12 ದಿನ ಬಿಟ್ಟರೆ, ವರ್ಷಕ್ಕೆ 132 ದಿನಗಳ ಮಳೆ ತನ್ನ ಜಾಗದಲ್ಲಿರಲಿಲ್ಲ. ಆದರೂ ನಾನು ಹಾಕಿದ ತಾಳೆಯಲ್ಲೆಲ್ಲ ಅದು ಪಾಸಾಗಿತ್ತು. ಸಾಲುಗಳ ಸಂಖ್ಯೆ ಸರಿಯಿತ್ತು. ವರ್ಷದ ಒಟ್ಟು ಮಳೆ ಸೆಂಟಿಗೆ ಸೆಂಟು ಸರಿಯಿತ್ತು. ಇರಲೇಬೇಕಲ್ಲ, ಮಳೆ ವರ್ಷದೊಳಗೇ ಜಾಗ ಬದಲಿಸಿತ್ತು, ಹೊರಗೆ ಹೋಗಿರಲಿಲ್ಲ.

ನಿಜವಾದ ಏಟು ಬಿದ್ದದ್ದು ಬೇರೆ ಕಡೆ. ನಮ್ಮ ಮುಂಗಾರಿನಲ್ಲಿ 30ರಿಂದ 60 ದಿನಗಳ ಒಂದು ಏರಿಳಿತವಿದೆ. ಮಳೆ ಜೋರಾಗುತ್ತದೆ, ಬಿಡುವು ಕೊಡುತ್ತದೆ, ಮತ್ತೆ ಜೋರಾಗುತ್ತದೆ. ಮಳೆಗಾಲದ ಮೋಡದ ಪಟ್ಟಿಗಳ ಚಲನೆಯನ್ನು ಉಪಗ್ರಹದ ಚಿತ್ರಗಳಲ್ಲಿ ಗುರುತಿಸಿ ಡಿ. ಆರ್. ಸಿಕ್ಕಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ 1980ರಲ್ಲಿ ಬರೆದ ಲೇಖನ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ನಾನು ಗೌಡರ ತೋಟದ ಮಳೆಯಲ್ಲಿ ಆ ಏರಿಳಿತವನ್ನೇ ಹುಡುಕುತ್ತಿದ್ದೆ. ಮ್ಯಾಟ್‌ಲ್ಯಾಬು ಕೊಟ್ಟ ಗ್ರಾಫಿನಲ್ಲಿ ಸುಮಾರು 30 ದಿನದ ಹತ್ತಿರ ಒಂದು ಚೂಪಾದ ಶಿಖರ ಎದ್ದಿತ್ತು. ಮೂವತ್ತು ವರ್ಷವೂ ತಪ್ಪದೆ ಇತ್ತು. ಅದನ್ನು ನೋಡಿ ನನಗೆ ನಿದ್ದೆ ಬಂದಿರಲಿಲ್ಲ. ಪ್ರಬಂಧದ ಒಂದು ಅಧ್ಯಾಯ ಅದರ ಮೇಲೇ ನಿಂತಿತ್ತು.

ಈಗ ಲೆಕ್ಕ ಹಾಕಿ ನೋಡಿ. ಜುಲೈ ಮೊದಲ ದಿನದ ಮಳೆ ಜನವರಿ 7ಕ್ಕೆ ಹೋಯಿತು. ಜುಲೈ ಎರಡರದ್ದು ಫೆಬ್ರವರಿ 7ಕ್ಕೆ, ಮೂರರದ್ದು ಮಾರ್ಚ್ 7ಕ್ಕೆ, ಹೀಗೇ ಡಿಸೆಂಬರಿನವರೆಗೆ. ಜೂನಿನದು ಪ್ರತಿ ತಿಂಗಳ 6ಕ್ಕೆ, ಆಗಸ್ಟಿನದು 8ಕ್ಕೆ. ಅಂದರೆ ವರ್ಷದ ಹನ್ನೆರಡು ತಿಂಗಳೂ 6, 7, 8ನೇ ತಾರೀಕು ಧೋ ಎಂದು ಮಳೆ. ತಿಂಗಳಿಗೊಮ್ಮೆ ಬಡಿಯುವ ಈ ತಾಳವನ್ನು ಫೂರಿಯೇ ವಿಶ್ಲೇಷಣೆ ನಿಷ್ಠೆಯಿಂದ ಹುಡುಕಿಕೊಟ್ಟಿತ್ತು. ಗಣಿತ ಸರಿಯಾಗಿಯೇ ಇತ್ತು. ನಾನು ಕಂಡುಹಿಡಿದದ್ದು ಮುಂಗಾರಿನ ಏರಿಳಿತವನ್ನಲ್ಲ, ಅಮೆರಿಕದವರು ತಾರೀಕು ಬರೆಯುವ ರೀತಿಯನ್ನು.

ಮಾರ್ಗದರ್ಶಕರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಒಳ್ಳೇದಾಯ್ತು, ಅವರಿಗೆ ತೋರಿಸಿದ್ದು. ನಮಗಿಬ್ಬರಿಗೂ ಮಳೆ ಗೊತ್ತಿರಲಿಲ್ಲ ನೋಡು,” ಎಂದರು. ಅಧ್ಯಾಯ ಹೋಯಿತು. ಸರಿಪಡಿಸಿದ ಗ್ರಾಫಿನಲ್ಲಿ ಶಿಖರವಿರಲಿಲ್ಲ. 30ರಿಂದ 60ರವರೆಗೆ ಹರಡಿಕೊಂಡ ಒಂದು ಮಬ್ಬು ಉಬ್ಬು ಮಾತ್ರ ಇತ್ತು. ನಿಜವಾದ ಮಳೆ ಹಾಗೇ ಇರುತ್ತದೆ.

*

ಆ ಕಾಲದ ಸಂಕಗಳು ಈಗ ಬಹುಮಟ್ಟಿಗೆ ಹಳತಾಗಿವೆ. ಮ್ಯಾಕ್ರೊ ಹೊತ್ತ ಕಡತಗಳಲ್ಲಿ ವೈರಸ್ಸುಗಳೂ ಸವಾರಿ ಮಾಡತೊಡಗಿದ್ದರಿಂದ, ಅಂತರಜಾಲದಿಂದ ಬಂದ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಮ್ಯಾಟ್‌ಲ್ಯಾಬಿಗೆ ದುಡ್ಡಿಲ್ಲದವರಿಗೆ ಆಕ್ಟೇವ್, ಸೈಲ್ಯಾಬ್‌ನಂಥ ಮುಕ್ತ ತಂತ್ರಾಂಶಗಳಿವೆ. ಮುಂಬೈ ಐಐಟಿಯ ಫಾಸೀ ಯೋಜನೆ ಸೈಲ್ಯಾಬನ್ನು ನಮ್ಮ ಕಾಲೇಜುಗಳಲ್ಲಿ ಹರಡಲು ತುಂಬ ದುಡಿದಿದೆ. 2023ರಲ್ಲಿ ಎಕ್ಸೆಲಿನ ಮನೆಯೊಳಗೇ ಪೈಥಾನ್ ಬರೆಯುವ ಸೌಲಭ್ಯ ಘೋಷಣೆಯಾಯಿತು. ಲೆಕ್ಕ ಈ ದಡದಲ್ಲಿ, ಗಣಿತ ಆ ದಡದಲ್ಲಿ ಎಂಬ ಅಂತರ ಕಣ್ಣಿಗೆ ಕಾಣದಷ್ಟು ಕಿರಿದಾಗುತ್ತಿದೆ. ಅದಕ್ಕೇ ನನಗೆ ಸ್ವಲ್ಪ ಭಯ. ಹಳ್ಳ ಕಾಣುತ್ತಿದ್ದರೆ ಕಾಲು ನೋಡಿ ಇಡುತ್ತೇವೆ.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ. ಮ್ಯಾಕ್ರೊ ಬರೆಯಿರಿ, ಖಂಡಿತ ಬರೆಯಿರಿ. ದಾಟಿದ ಮೇಲೆ ಆಚೆ ದಡದಲ್ಲಿ ನಿಂತು, ಹತ್ತು ದಿನಗಳನ್ನಾದರೂ ಆರಿಸಿ ಮೂಲ ಪುಸ್ತಕದ ಜೊತೆ ಕಣ್ಣಿಂದ ಹೋಲಿಸಿ. ಒಟ್ಟು ಮೊತ್ತ ನಂಬಬೇಡಿ. ಮತ್ತು ಆ ಸಂಖ್ಯೆಗಳನ್ನು ಬದುಕಿದವರಿಗೆ ಒಮ್ಮೆ ತೋರಿಸಿ.

ಸರಿಪಡಿಸಿದ ಗ್ರಾಫುಗಳನ್ನು ಹಿಡಿದು ನಾನು ಮತ್ತೊಮ್ಮೆ ಮೂಡಿಗೆರೆಗೆ ಹೋದೆ. ಗೌಡರು ಈ ಸಲವೂ ಒಂದೊಂದಾಗಿ ನೋಡಿದರು. ತಲೆಯಾಡಿಸುತ್ತ ಬಂದವರು ಒಂದು ಹಾಳೆಯಲ್ಲಿ ನಿಂತರು. ಒಂದು ವರ್ಷದ ಜುಲೈ ಕೊನೆಯಲ್ಲಿ ಒಂಬತ್ತು ದಿನ ಮಳೆಯೇ ಇಲ್ಲ, ಸೊನ್ನೆ.

“ಇದೂ ತಪ್ಪು,” ಎಂದರು. ನಾನು ಪುಸ್ತಕ ತೆಗೆದೆ. ಆ ಒಂಬತ್ತು ದಿನಗಳ ಮುಂದೆ ಗೀಟಿರಲಿಲ್ಲ, ಏನೂ ಇರಲಿಲ್ಲ. ಜಾಗ ಖಾಲಿ ಬಿಟ್ಟಿದ್ದರು. ನಾನೂ ಹಾಳೆಯಲ್ಲಿ ಖಾಲಿ ಮನೆಯಾಗಿಯೇ ಬಿಟ್ಟಿದ್ದೆ. ಎಕ್ಸೆಲ್ ಲಿಂಕ್‌ಗೆ ಬೇರೆ ಹೇಳದಿದ್ದರೆ ಖಾಲಿ ಮನೆಯನ್ನು ಅದು ಸೊನ್ನೆಯಾಗಿ ದಾಟಿಸುತ್ತದೆ. ಅದನ್ನು ನ್ಯಾನ್ ಮಾಡು ಎಂದು ಹೇಳುವ ಆಜ್ಞೆಯೊಂದಿತ್ತು, ನಾನು ಹೇಳಿರಲಿಲ್ಲ.

“ಮಳೆ ಇರ್ಲಿಲ್ಲ ಅಂತಲ್ಲ,” ಎಂದರು ಗೌಡರು. “ಆ ವಾರ ಅಮ್ಮ ತೀರಿಕೊಂಡ್ರು. ಅಳೆಯೋಕೆ ಯಾರೂ ಇರ್ಲಿಲ್ಲ. ಮಳೆ ಏನು ಹೊಯ್ತಿತ್ತು ಅಂತೀರಿ.”